ಶಹಾಪುರದ ಮಲಗಿದ ಬುದ್ಧ ಮತ್ತು ನೂರು ರೂಪಾಯಿಯ ಜಗಳ

ಹಣೆ, ಮೂಗು, ಗದ್ದ, ಆಮೇಲೆ ಎದೆ. ಈ ವಿಡಿಯೊದಲ್ಲಿ ಬಾಣದ ಗುರುತು ಹಾಕಿ ತೋರಿಸುವುದಿಲ್ಲ, ನೀವೇ ಹುಡುಕಿಕೊಳ್ಳಿ. ಯಾದಗಿರಿ ಜಿಲ್ಲೆಯ ಶಹಾಪುರದ ಬುದ್ಧ ಮಲಗಿದ ಬೆಟ್ಟ ಇದು. ಯಾರೂ ಕೆತ್ತಿದ್ದಲ್ಲ, ಒಂದೇ ಬೆಟ್ಟವೂ ಅಲ್ಲ. ಬೇರೆ ಬೇರೆ ಗುಡ್ಡಗಳು ದೂರದಿಂದ ಒಂದೇ ಗೆರೆಯಲ್ಲಿ ಕೂಡಿಕೊಳ್ಳುತ್ತವೆ. ಕೂಡುವ ಜಾಗ ಮಾತ್ರ ಗೊತ್ತಿರಬೇಕು.

ಆ ಜಾಗಕ್ಕೇ ನಾನು ದುಡ್ಡು ತೆತ್ತದ್ದು. ಆಟೊ ಮಾತಾಡಿದ್ದು 150 ರೂಪಾಯಿಗೆ. ಇಳಿದ ಮೇಲೆ 250 ಕೊಡಿ ಎಂದರು. ಯಾಕಣ್ಣಾ ಎಂದರೆ, "ಗಾಡಿಯ ಬಾಡಿಗೆ ನೂರೈವತ್ತು ರೀ, ಜಾಗ ತೋರಿಸಿದ್ದಕ್ಕೆ ನೂರು." ಬೆಟ್ಟವೇನು ನಿಮ್ಮದೇ ಎಂದೆ. "ಬೆಟ್ಟ ನಮ್ಮದಲ್ಲ ರೀ, ಗುರುತು ನಮ್ಮದು." ಇದಕ್ಕೆ ಏನು ಹೇಳುತ್ತೀರಿ? ಬಿಸಿಲಿನಲ್ಲಿ ನಿಂತು ಜಗಳವಾಡಿ, ಕೊನೆಗೆ ಕೊಟ್ಟು, ಸಿಟ್ಟಿನಲ್ಲಿ ರಸ್ತೆಗುಂಟ ನಡೆದೆ. ಈಗ ನೋಡುತ್ತಿರುವುದು ಅದೇ. ಗದ್ದ ಎದೆಯೊಳಗೆ ಇಳಿಯಿತು, ಮೂಗು ಬರೀ ಬಂಡೆಯಾಯಿತು, ಬುದ್ಧ ಮಾಯ! ನೂರು ರೂಪಾಯಿ ದುಬಾರಿಯಲ್ಲ ಬಿಡಿ. ಆದರೆ ಹತ್ತುವ ಮೊದಲೇ ಹೇಳಬೇಕಿತ್ತು, ಅದರಲ್ಲಿ ರಾಜಿಯಿಲ್ಲ.

ನಮ್ಮ ಕಲಬುರಗಿ ಕಡೆ ಎರೆಭೂಮಿ, ನೆಲಕ್ಕೆ ಹಾಸುವ ಪರಸಿ ಕಲ್ಲು. ಇಲ್ಲಿಯದು ಗ್ರಾನೈಟ್, 200 ಕೋಟಿ ವರ್ಷಗಳಿಗೂ ಹಳೆಯದು. ಬಿರುಕುಗಳಲ್ಲಿ ನೀರು ಇಳಿದಿಳಿದು ಮೂಲೆಗಳನ್ನು ಸವೆಸಿ ಬಿಟ್ಟ ದುಂಡು ಬಂಡೆಗಳಿವು. ಬುದ್ಧನೆನ್ನುವುದು ನೋಡುವವರ ಕಲ್ಪನೆ ಎನ್ನುವವರಿದ್ದಾರೆ. ಇರಲಿ. ಭೀಮಾ ತೀರದ ಸನ್ನತಿ ಇಲ್ಲಿಂದ ಬಹಳ ದೂರವೇನಲ್ಲ. ಅಲ್ಲೇ ಪಕ್ಕದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪ ಸಿಕ್ಕಿದೆ, ಬ್ರಾಹ್ಮಿ ಲಿಪಿಯಲ್ಲಿ 'ರಾಯೋ ಅಸೋಕೋ' ಎಂದು ಬರೆದ ಅಶೋಕನ ಶಿಲ್ಪವೂ ಸಿಕ್ಕಿದೆ. ಸನ್ನತಿಯಲ್ಲಂತೂ ಕಾಳಿಯ ಗುಡಿ ಕುಸಿದಾಗ ವಿಗ್ರಹದ ಪೀಠದ ಕಲ್ಲೇ ಅಶೋಕನ ಶಾಸನ ಎಂದು ಗೊತ್ತಾಯಿತು. ಅದನ್ನು ಯಾರು, ಯಾವಾಗ ತೂತು ಕೊರೆದು... ಅಯ್ಯೋ, ದೃಶ್ಯ ಮುಗಿಯಿತು, ಅದು ಇನ್ನೊಂದು ದಿನಕ್ಕೆ.

ಈಗ ಹತ್ತುವ ಭಾಗ. ದಾರಿ ನಿಮಗೆ ಕಾಣುತ್ತಲೇ ಇದೆ, ನನ್ನ ಏದುಸಿರೂ ಕೇಳುತ್ತಿದೆ. ಬಂಡೆಗಳ ಸಂದಿಯಲ್ಲಿ ಸೀತಾಫಲದ ಗಿಡಗಳು, ನೆರಳಂತೂ ಇಲ್ಲ. ಬುದ್ಧನಿಗಾಗಿ ಬಂದವರು ಹತ್ತಬೇಡಿ, ಮೂಗಿನ ಮೇಲೆ ನಿಂತರೂ ಮೂಗು ಕಾಣುವುದಿಲ್ಲ. ಹಾಗೆಂದೆನಲ್ಲ, ಈ ಗಾಳಿ ನೋಡಿ! ಕೆಳಗೆ ಕೃಷ್ಣೆಯ ಕಾಲುವೆ ನೀರು ಕುಡಿದ ಹಸಿರು ಗದ್ದೆ, ಇಲ್ಲಿ ಕಾದ ಕಲ್ಲು. ಸರಿ, ಹತ್ತಿ. ಬೇಸಿಗೆಯಲ್ಲಿ ಬೇಡ, ಮಳೆಗಾಲ ಮುಗಿದ ಮೇಲೆ ಬನ್ನಿ, ನೀರು ಹಿಡಿದುಕೊಂಡು.

ಅಗೋ, ಕಲಬುರಗಿ ಬಸ್. ಕಿಟಕಿಯ ಪಕ್ಕದ ಸೀಟು ಸಿಕ್ಕರೆ ಜೇವರ್ಗಿಯವರೆಗಿನ ರಸ್ತೆಯನ್ನೂ ತೋರಿಸುತ್ತೇನೆ.