ಮಾಜಿ ಸೈನಿಕರಿಗೆ ಮನೆಯಲ್ಲೇ ಆರೈಕೆ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಸೇನೆಯಲ್ಲಿ ದುಡಿದವರು ಅಲ್ಲಿನ ಕೆಲವು ಕನ್ನಡದ ಮನೆಗಳಲ್ಲೂ ಇದ್ದಾರೆ. ಗಂಡ ಇರಬಹುದು, ಮಾವ ಇರಬಹುದು. ವಯಸ್ಸಾಗಿ ಕೈಕಾಲು ಸೋತಾಗ ಸ್ನಾನ, ಬಟ್ಟೆ, ಊಟ ಎಲ್ಲವೂ ಮನೆಯವರ ಮೇಲೇ ಬೀಳುತ್ತದೆ. ಇಂಥವರ ಮನೆಗೆ ಸಹಾಯಕರನ್ನು ಕಳಿಸುವ ವ್ಯವಸ್ಥೆ ಅಲ್ಲಿನ ಮಾಜಿ ಸೈನಿಕರ ಇಲಾಖೆಯಲ್ಲಿದೆ. ಎಲ್ಲರೂ ಅದನ್ನು ವಿಎ ಅನ್ನುತ್ತಾರೆ.

ಸಹಾಯಕರು ಬೇಕು ಅಂತ ಪಿಂಚಣಿ ವಿಭಾಗಕ್ಕೆ ಅರ್ಜಿ ಹಾಕಿ ಕಾಯಬೇಡಿ. ಆ ದಾರಿ ಬೇರೆ. ಮೊದಲು ವಿಎ ಆರೋಗ್ಯ ಸೇವೆಯಲ್ಲಿ ಹೆಸರು ಇರಬೇಕು. ಅದಕ್ಕೆ 10-10 ಇಝೀ ಅನ್ನುವ ಅರ್ಜಿ ಇದೆ. ಸೇನೆ ಬಿಟ್ಟಾಗ ಕೊಟ್ಟ ಡಿಡಿ-214 ಪತ್ರ ಹುಡುಕಿ ಇಟ್ಟುಕೊಳ್ಳಿ. ಆಮೇಲೆ ಅಲ್ಲಿನ ಡಾಕ್ಟರನ್ನೋ ಸೋಶಿಯಲ್ ವರ್ಕರನ್ನೋ ನೇರವಾಗಿ ಕೇಳಿ. ಕಾಯಿಲೆ ಸೇನೆಯಲ್ಲಿದ್ದಾಗಲೇ ಬಂದಿರಬೇಕು ಅಂತೇನಿಲ್ಲ.

ಕೆಲಸ ಕೆಡುವುದು ಮುಂದಿನ ಹಂತದಲ್ಲಿ. ಇವರಿಗೆ ಎಷ್ಟು ಸಹಾಯ ಬೇಕು ಅಂತ ನರ್ಸ್ ಕೇಳುತ್ತಾರೆ. ಸ್ನಾನ ಒಬ್ಬರೇ ಮಾಡುತ್ತೀರಾ? ಶೌಚಾಲಯಕ್ಕೆ? ಹಾಸಿಗೆಯಿಂದ ಏಳುವುದು? ಹಳೇ ಸೈನಿಕರು ಬೆನ್ನು ನೆಟ್ಟಗೆ ಮಾಡಿ, "ಏನೂ ತೊಂದರೆ ಇಲ್ಲ" ಅಂದುಬಿಡುತ್ತಾರೆ. ನೋವು ಹೇಳಿಕೊಳ್ಳುವುದು ಅವರಿಗೆ ಅಭ್ಯಾಸವಿಲ್ಲ, ಅಲ್ವಾ? ಆದರೆ ಕಡತದಲ್ಲಿ ಬರೆಯುವುದು ಅದೇ ಮಾತನ್ನು. ಆದ್ದರಿಂದ ಮನೆಯವರು ಪಕ್ಕದಲ್ಲೇ ಕೂತಿರಬೇಕು. ಎಂದು ಬಿದ್ದರು, ಯಾವ ಮಾತ್ರೆ ಮರೆತರು, ರಾತ್ರಿ ಎಷ್ಟು ಸಲ ಎಬ್ಬಿಸಿದರು, ಇದೆಲ್ಲ ಮೊದಲೇ ಬರೆದು ತನ್ನಿ. ಚೆನ್ನಾಗಿದ್ದ ದಿನದ ಲೆಕ್ಕ ಬೇಡ, ಕಷ್ಟದ ದಿನದ್ದು ಹೇಳಿ. ಅವರ ಎದುರಿಗೆ ಹೇಳಲು ಮುಜುಗರವಾದರೆ ಆ ಚೀಟಿಯನ್ನೇ ನರ್ಸ್ ಕೈಗೆ ಕೊಡಿ. ನನ್ನ ಕೇಳಿದರೆ, ಅರ್ಜಿ ತುಂಬುವುದಕ್ಕಿಂತ ಈ ಚೀಟಿಯೇ ಮುಖ್ಯ.

ಒಪ್ಪಿಗೆ ಸಿಕ್ಕರೆ, ವಿಎ ಜೊತೆ ಒಪ್ಪಂದವಿರುವ ಸಂಸ್ಥೆಯಿಂದ ಸಹಾಯಕರು ಬರುತ್ತಾರೆ. ದಿನವಿಡೀ ಇರುತ್ತಾರೆ ಅಂದುಕೊಳ್ಳಬೇಡಿ. ವಾರಕ್ಕೆ ಇಷ್ಟು ಗಂಟೆ ಅಂತ ಇರುತ್ತದೆ. ಅವರು ನರ್ಸ್ ಅಲ್ಲ. ಗಾಯಕ್ಕೆ ಡ್ರೆಸಿಂಗ್, ಇಂಜೆಕ್ಷನ್ ಬೇಕಿದ್ದರೆ ಅದನ್ನು ಬೇರೆಯಾಗಿ ಕೇಳಬೇಕು. ನೋಡಿಕೊಳ್ಳುವವರಿಗೆ ಬಿಡುವು ಕೊಡಲು ವರ್ಷಕ್ಕೆ 30 ದಿನದವರೆಗೆ ಬದಲಿ ಆರೈಕೆಯೂ ಸಿಗಬಹುದು. ಸಂಕೋಚ ಬಿಟ್ಟು ಕೇಳಿ.

ಪಿಂಚಣಿ ವಿಭಾಗಕ್ಕೂ ಕೆಲಸವಿದೆ. ಯುದ್ಧಕಾಲದಲ್ಲಿ ಸೇವೆ ಮಾಡಿ, ಆದಾಯ ಕಡಿಮೆ ಇದ್ದು, ದಿನನಿತ್ಯಕ್ಕೆ ಇನ್ನೊಬ್ಬರ ನೆರವು ಬೇಕಾದವರಿಗೆ ಪಿಂಚಣಿಯ ಮೇಲೆ 'ಏಡ್ ಅಂಡ್ ಅಟೆಂಡೆನ್ಸ್' ಅನ್ನುವ ಹೆಚ್ಚುವರಿ ಹಣ ಸಿಗುತ್ತದೆ. ಆಸ್ತಿ ಜಾಸ್ತಿ ಇದೆ ಅಂತ ಮಕ್ಕಳ ಹೆಸರಿಗೆ ಬರೆದು ಅರ್ಜಿ ಹಾಕಿದರೆ ಸಿಕ್ಕಿಬೀಳುತ್ತೀರಿ. 2018ರ ಅಕ್ಟೋಬರ್‌ನಲ್ಲಿ ಬಂದ ನಿಯಮದಂತೆ, ಅರ್ಜಿಗೆ ಹಿಂದಿನ 3 ವರ್ಷದ ಆಸ್ತಿ ವರ್ಗಾವಣೆಗಳನ್ನೂ ನೋಡುತ್ತಾರೆ. ಮೊದಲ ಅರ್ಜಿ ತುಂಬಿಕೊಡಲು ಯಾರಾದರೂ ಫೀಸು ಕೇಳಿದರೆ ಎದ್ದು ಬನ್ನಿ. ಮಾನ್ಯತೆ ಪಡೆದ ಮಾಜಿ ಸೈನಿಕರ ಸಂಘಗಳು ಇದನ್ನು ಪುಕ್ಕಟೆ ಮಾಡಿಕೊಡುತ್ತವೆ.

ಆರೈಕೆಯನ್ನೇ ನಿರಾಕರಿಸಿದರೆ? ವಿಎ ಆಸ್ಪತ್ರೆಯಲ್ಲಿ ರೋಗಿಗಳ ದೂರು ಕೇಳಲು ಪೇಷಂಟ್ ಅಡ್ವೊಕೇಟ್ ಅಂತ ಒಬ್ಬರಿರುತ್ತಾರೆ. ಕಾರಣವನ್ನು ಬರಹದಲ್ಲಿ ಕೇಳಿ ಪಡೆದು, ಅವರ ಮೂಲಕ ಮರುಪರಿಶೀಲನೆಗೆ ಹಾಕಿ. ನಮಸ್ಕಾರ.