ಫೀಲ್ಡ್ ಬದಲಾಯಿಸಿದ್ರೆ ಇಷ್ಟು ವರ್ಷದ್ದೆಲ್ಲ ವ್ಯರ್ಥವಾ?

ಬೇರೆ ಫೀಲ್ಡ್‌ಗೆ ಹೋಗ್ತೀನಿ ಅಂದ ತಕ್ಷಣ ಎಲ್ಲರೂ ಮೊದಲು ದುಡ್ಡಿನ ಮಾತೆತ್ತುತ್ತಾರೆ. ಅದಕ್ಕೂ ಬರ್ತೀನಿ. ಆದರೆ ನನಗೆ ನಿದ್ದೆ ಕೆಡಿಸಿದ್ದು ಬೇರೆ ಭಯ. ಓದಿದ್ದು, ಪರೀಕ್ಷೆ ಬರೆದದ್ದು, ನೈಟ್ ಶಿಫ್ಟ್ ಮಾಡಿದ್ದು, ಎಲ್ಲಾ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ ಆಗಿಬಿಡತ್ತಾ ಅನ್ನೋದು.

ನಾನು ಮೊದಲು ಆಸ್ಪತ್ರೆ ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಈಗ ಸಾಫ್ಟ್‌ವೇರ್ ಟೆಸ್ಟಿಂಗ್, ಅಂದ್ರೆ ಪ್ರೋಗ್ರಾಂಗಳು ಸರಿಯಾಗಿ ಕೆಲಸ ಮಾಡ್ತಾವಾ ಅಂತ ಪರೀಕ್ಷೆ ಮಾಡೋ ಕೆಲಸ ಮಾಡ್ತೀನಿ. ಬದಲಾಗಬೇಕು ಅಂತ ಮನಸ್ಸಿದ್ದೂ ಕಾಲು ಮುಂದಿಡೋಕೆ ಆಗದೆ ಕೂತಿರೋರಿಗೆ ಈ ವಿಡಿಯೋ.

ಹಾಕಿದ ದುಡ್ಡು, ಸಮಯ, ಶ್ರಮ ಬಿಟ್ಟು ಬರೋಕೆ ಮನಸ್ಸು ಒಪ್ಪಲ್ಲ, ಇದು ಎಲ್ಲರಿಗೂ ಇರೋದೇ. ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ ಅನ್ನೋ ಸಂಶೋಧಕರು 1985ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ರು. ನಾಟಕದ ಸೀಸನ್ ಟಿಕೆಟ್ ಕೊಳ್ಳೋಕೆ ಬಂದವರಲ್ಲಿ ಕೆಲವರಿಗೆ ಪೂರ್ತಿ ಬೆಲೆ, ಕೆಲವರಿಗೆ ರಿಯಾಯಿತಿ. ಪೂರ್ತಿ ಬೆಲೆ ಕೊಟ್ಟವರು ಸೀಸನ್‌ನ ಮೊದಲ ಅರ್ಧದಲ್ಲಿ ಹೆಚ್ಚು ನಾಟಕ ನೋಡಿದ್ರು. ನಾಟಕಗಳು ಅವೇ. ಜೇಬಿನಿಂದ ಹೋದ ದುಡ್ಡು ಅವರನ್ನ ಎಳೆದು ತಂದಿತ್ತು. ಅದಕ್ಕೇ, ಹೋದದ್ದು ಹೋಯ್ತು, ಮುಂದಿನದನ್ನಷ್ಟೇ ನೋಡಿ ಅಂತ ಬುದ್ಧಿ ಹೇಳ್ತಾರೆ.

ಈ ಬುದ್ಧಿಮಾತಿನಿಂದ ನನಗೆ ಮಾತ್ರ ಸಮಾಧಾನ ಆಗಲಿಲ್ಲ. ಯಾಕಂದ್ರೆ ಆ ವರ್ಷಗಳು ಪೂರ್ತಿ ಹೋಗಿರಲ್ಲ.

ಲ್ಯಾಬ್‌ನಲ್ಲಿ ಬೆಳಗ್ಗೆ ರೋಗಿಗಳ ಸ್ಯಾಂಪಲ್ ಮುಟ್ಟೋ ಮೊದಲು ಕಂಟ್ರೋಲ್ ಹಾಕ್ತೀವಿ. ಅಂದ್ರೆ, ರೀಡಿಂಗ್ ಎಷ್ಟು ಬರಬೇಕು ಅಂತ ಮೊದಲೇ ಗೊತ್ತಿರೋ ಸ್ಯಾಂಪಲ್. ಅದು ಮಿತಿ ದಾಟಿದ್ರೆ ಕಾರಣ ಸಿಗೋವರೆಗೂ ಆ ಮೆಷಿನ್‌ನಿಂದ ಒಂದು ರಿಪೋರ್ಟೂ ಹೊರಗೆ ಹೋಗಲ್ಲ. ಇನ್ನು, ಯಾರದೋ ರಕ್ತದಲ್ಲಿ ಪೊಟ್ಯಾಸಿಯಂ ಇದ್ದಕ್ಕಿದ್ದಂತೆ ಜಾಸ್ತಿ ಬಂತು ಅಂದ್ಕೊಳ್ಳಿ. ಗಾಬರಿಯಾಗೋ ಮೊದಲು ಟ್ಯೂಬ್ ಎತ್ತಿ ಬೆಳಕಿಗೆ ಹಿಡೀತೀವಿ. ತಿಳಿಹಳದಿ ಇರಬೇಕಾದ ಸೀರಂ, ಅಂದ್ರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯೋ ನೀರಿನಂಥ ಭಾಗ, ಕೆಂಪಗಿದ್ರೆ, ರಕ್ತ ತೆಗೆಯುವಾಗಲೋ ತರುವಾಗಲೋ ಕೆಂಪುಕಣಗಳು ಒಡೆದಿರಬಹುದು. ಕಣದೊಳಗಿನ ಪೊಟ್ಯಾಸಿಯಂ ಸೀರಂಗೆ ಸೇರಿಕೊಂಡು ರೀಡಿಂಗ್ ಏರಿರತ್ತೆ. ಆ ಅಂಕಿ ನಂಬೋ ಹಾಗಿಲ್ಲ, ಹೊಸ ಸ್ಯಾಂಪಲ್ ತರಿಸಬೇಕು.

ಈಗ ನನ್ನ ಕೆಲಸ ನೋಡಿ. ಒಂದು ಟೆಸ್ಟ್ ಫೇಲ್ ಆಯ್ತು. ತಪ್ಪಿರೋದು ಪ್ರೋಗ್ರಾಂನಲ್ಲೋ, ನಾವು ಕೊಟ್ಟ ಡೇಟಾದಲ್ಲೋ? ಉತ್ತರ ಗೊತ್ತಿರೋ ಡೇಟಾ ಕೊಟ್ಟು ನೋಡ್ತೀನಿ. ಮತ್ತೆ ಅದೇ ಹೆಜ್ಜೆಗಳನ್ನ ಹಾಕಿ ನೋಡ್ತೀನಿ. ಏನು ಮಾಡಿದೆ, ಏನು ಬರಬೇಕಿತ್ತು, ಏನು ಬಂತು ಅಂತ ಬರೆದಿಡ್ತೀನಿ. ಸ್ಯಾಂಪಲ್ ಹೋಗಿ ಸ್ಕ್ರೀನ್ ಬಂದಿದೆ, ಅನುಮಾನ ಪಡೋ ಕ್ರಮ ಅದೇ ಇದೆ. ಎಲ್ಲವೂ ಜೊತೆಗೆ ಬರಲ್ಲ, ಅದನ್ನೂ ಹೇಳಬೇಕು. ರಕ್ತ ತೆಗೆಯುವಾಗ ಸಿಗದ ರಕ್ತನಾಳವನ್ನ ಬೆರಳ ತುದಿಯಲ್ಲೇ ಹುಡುಕೋ ಕೈಗುಣ ಇಲ್ಲಿ ಉಪಯೋಗಕ್ಕಿಲ್ಲ. ಅದರ ಬಗ್ಗೆ ನನಗೆ ಇವತ್ತಿಗೂ ಬೇಜಾರಿದೆ.

ಹಾಗಾಗಿ ಒಂದು ಹಾಳೆ ತಗೊಳ್ಳಿ. ಹುದ್ದೆಯ ಹೆಸರು ಪಕ್ಕಕ್ಕಿಟ್ಟು, ದಿನಾ ಏನೇನು ಮಾಡ್ತೀರಿ ಅಂತ ಬರೀರಿ. ಲೆಕ್ಕ ತಾಳೆ ನೋಡ್ತೀನಿ, ಸಿಟ್ಟಲ್ಲಿರೋರನ್ನ ಸಮಾಧಾನ ಮಾಡ್ತೀನಿ, ಹೊಸಬರಿಗೆ ಕೆಲಸ ಕಲಿಸ್ತೀನಿ, ಹೀಗೆ. ಪಕ್ಕದಲ್ಲಿ ನೀವು ಹೋಗಬೇಕು ಅಂತಿರೋ ಕೆಲಸದ ಜಾಹೀರಾತುಗಳನ್ನ ಇಟ್ಟುಕೊಂಡು ಹೊಂದೋದಕ್ಕೆಲ್ಲ ಗೆರೆ ಎಳೀರಿ. ಗೆರೆ ಬೀಳದೆ ಉಳಿದದ್ದಷ್ಟೇ ಕಲಿಯಬೇಕಾದದ್ದು. ನನಗೆ ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯೋ ಭಾಷೆ), ಎಪಿಐ ಟೆಸ್ಟಿಂಗ್ (ಪ್ರೋಗ್ರಾಂಗಳು ಒಂದಕ್ಕೊಂದು ಸರಿಯಾಗಿ ಮಾತಾಡ್ತಾವಾ ಅಂತ ನೋಡೋದು), ಸ್ವಲ್ಪ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಉಳಿದಿತ್ತು.

ದುಡ್ಡು. ಡೇನಿಯಲ್ ಕಾನೆಮನ್, ಅಮೋಸ್ ಟ್ವೆರ್ಸ್ಕಿ ಅನ್ನೋ ಮನಶ್ಶಾಸ್ತ್ರಜ್ಞರು 1979ರಲ್ಲೇ ಬರೆದಿದ್ದಾರೆ, ಸಿಗೋ ನೂರಕ್ಕಿಂತ ಕಳಕೊಳ್ಳೋ ನೂರು ಮನಸ್ಸಿಗೆ ದೊಡ್ಡದಾಗಿ ಕಾಣತ್ತೆ. ಅದಕ್ಕೇ ತಲೆಯಲ್ಲಿ ಲೆಕ್ಕ ಹಾಕಬೇಡಿ. ತಪ್ಪಿಸಿಕೊಳ್ಳೋಕಾಗದ ತಿಂಗಳ ಖರ್ಚು, ಕಲಿಕೆಗೂ ಹುಡುಕಾಟಕ್ಕೂ ಬೇಕಾದ ತಿಂಗಳುಗಳು, ಹೊಸ ಫೀಲ್ಡ್‌ನಲ್ಲಿ ಶುರುವಿನ ಸಂಬಳ. ಮೂರನ್ನೂ ಕಾಗದದ ಮೇಲೆ ಹಾಕಿ. ಲೆಕ್ಕ ಕೂಡದಿದ್ರೆ ಒಂದು ವರ್ಷ ಮುಂದೂಡಿ. ಮನೆ ನಡೆಸೋರು ಹಾಗೆ ಮುಂದೂಡಿದ್ರೆ ಅದನ್ನ ಹೇಡಿತನ ಅಂತ ಯಾರೂ ಕರೀಬಾರದು.

ಆ ಫೀಲ್ಡ್‌ನಲ್ಲಿ ನನಗೆ ಯಾರೂ ಗೊತ್ತಿಲ್ಲ ಅಂತೀರಾ? ಮಾರ್ಕ್ ಗ್ರಾನೊವೆಟರ್ ಅನ್ನೋ ಸಮಾಜಶಾಸ್ತ್ರಜ್ಞ 1973ರ ಲೇಖನದಲ್ಲಿ, ಪರಿಚಯದವರಿಂದ ಕೆಲಸ ಸಿಕ್ಕವರ ವಿವರ ಕೊಟ್ಟಿದ್ದಾರೆ. ಅವರಲ್ಲಿ ಶೇ. 16.7 ಮಂದಿಗೆ ಮಾತ್ರ ಅದು ಆಗಾಗ ಸಿಗೋರಿಂದ ಬಂದಿತ್ತು. ಉಳಿದವರಿಗೆಲ್ಲ ಯಾವಾಗಲೋ ಒಮ್ಮೆ ಅಥವಾ ಅಪರೂಪಕ್ಕೆ ಸಿಗೋರಿಂದಲೇ. ಹತ್ತಿರದವರಿಗೆ ಗೊತ್ತಿರೋದು ಹೆಚ್ಚಾಗಿ ನಮಗೂ ಗೊತ್ತಿರತ್ತೆ, ಹೊಸ ಸುದ್ದಿ ದೂರದವರ ಹತ್ತಿರ ಇರತ್ತೆ. ಹಳೇ ಸಹಪಾಠಿಗೆ ಫೋನ್ ಮಾಡಿ. ಕೆಲಸ ಇದೆಯಾ ಅಂತ ಕೇಳಿದ್ರೆ ಮಾತು ಅಲ್ಲಿಗೇ ಮುಗಿಯತ್ತೆ. ನಿನ್ನೆ ಆಫೀಸಲ್ಲಿ ಇಡೀ ದಿನ ಏನೇನು ಮಾಡಿದೆ ಅಂತ ಕೇಳಿ, ಆ ಕೆಲಸ ನಿಮಗೆ ಆಗತ್ತೋ ಇಲ್ಲವೋ ಗೊತ್ತಾಗತ್ತೆ.

ವಯಸ್ಸಿನ ಬಗ್ಗೆ ಹೆಚ್ಚು ಹೇಳಲ್ಲ. ನಿಮಗಿಂತ ಚಿಕ್ಕವರು ನಿಮ್ಮ ಕೆಲಸ ತಿದ್ದುತ್ತಾರೆ, ಮೊದಮೊದಲು ಚುಚ್ಚತ್ತೆ. ಅವರ ಹತ್ತಿರ ಕಲಿಯೋಕೆ ಶುರು ಮಾಡಿದ ಮೇಲೆ ಅಷ್ಟಾಗಿ ಕಾಡಲ್ಲ. ನಾಲ್ಕು ಜನ ಏನಂತಾರೋ ಅನ್ನೋದಕ್ಕೂ ಜಾಸ್ತಿ ತಲೆ ಕೊಡಬೇಡಿ, ನಿಮ್ಮ ತಿಂಗಳ ಖರ್ಚು ಅವರು ಕೊಡಲ್ಲ.

ಹೋದಮೇಲೆ ಹಿಡಿಸದಿದ್ರೆ ಅನ್ನೋ ಭಯಕ್ಕೆ, ರಾಜೀನಾಮೆಗೆ ಮೊದಲೇ ಆ ಕೆಲಸ ಸ್ವಲ್ಪ ಮಾಡಿ ನೋಡಿ. ಟೆಸ್ಟಿಂಗ್‌ನಲ್ಲಾದ್ರೆ, ಫೈರ್‌ಫಾಕ್ಸ್ ಬ್ರೌಸರ್ ಮಾಡೋ ಮೊಜಿಲ್ಲಾ ಸಂಸ್ಥೆಯ ಬಗ್‌ಜಿಲ್ಲಾ ಅನ್ನೋ ವೆಬ್‌ಸೈಟ್‌ನಲ್ಲಿ ಯಾರು ಬೇಕಾದ್ರೂ ಖಾತೆ ತೆರೆದು ಆ ಬ್ರೌಸರ್‌ನ ದೋಷಗಳನ್ನ ದಾಖಲಿಸಬಹುದು. ರಜೆಯ ದಿನಗಳಲ್ಲಿ ಕೂತು ಮಾಡಿ. ಬೇಸರ ಬಂದ್ರೆ ಹಳೇ ಕೆಲಸ ಹೇಗೂ ಕೈಯಲ್ಲಿದೆ.

ಕೊನೇದಾಗಿ, ಸಂದರ್ಶನದಲ್ಲಿ ಕೇಳೇ ಕೇಳ್ತಾರೆ, ಹಳೇದನ್ನ ಯಾಕೆ ಬಿಟ್ಟಿರಿ ಅಂತ. ಹಳೇ ಕಡೆಯ ದೂರು ಹೇಳಬೇಡಿ. ನಿಮ್ಮ ಹಾಳೆಯಲ್ಲಿ ಗೆರೆ ಬಿದ್ದಿರೋ ಒಂದು ಕೆಲಸ ಎತ್ತಿಕೊಂಡು ಅದನ್ನ ವಿವರವಾಗಿ ಹೇಳಿ. ನಾನು ಕೆಂಪು ಸೀರಂ ವಿಷಯ ಹೇಳಿದೆ. ಎದುರಿಗಿದ್ದವರು ಪೆನ್ ಕೆಳಗಿಟ್ಟು, ಆಮೇಲೆ ಏನು ಮಾಡ್ತೀರಿ ಅಂತ ಕೇಳಿದ್ರು. ಅಲ್ಲಿಂದಾಚೆ ಮಾತೆಲ್ಲ ಕೆಲಸದ ಬಗ್ಗೆಯೇ ನಡೀತು.