ಶುಗರ್ ಟೆಸ್ಟಿಗೆ ತೆಗೆದ ರಕ್ತದಲ್ಲೇ ಇನ್ನೊಂದು ಟೆಸ್ಟ್

ಎಲ್ಲರಿಗೂ ನಮಸ್ಕಾರ. ಕುಂದಾಪುರ, ಕಾರ್ಕಳ, ಬ್ರಹ್ಮಾವರ ಕಡೆಯಿಂದ ಪಿಎಚ್‌ಸಿ ಡಾಕ್ಟ್ರುಗಳು, ಸಿಸ್ಟರ್‌ಗಳು, ಲ್ಯಾಬಿನವರು, ಆಶಾ ಅಕ್ಕಂದಿರು ಈ ಮಳೆಯಲ್ಲಿ ಬಸ್ಸು ಹಿಡಿದು ಉಡುಪಿಗೆ ಬಂದಿದ್ದೀರಿ, ಹಾಗಾಗಿ ಸೀದಾ ವಿಷಯಕ್ಕೆ ಬರ್ತೇನೆ, ಲಿವರ್ ಹಾಳು ಮಾಡುವ ಹೆಪಟೈಟಿಸ್ ಸಿ ವೈರಸ್ಸಿನ ಟೆಸ್ಟ್.

ನನ್ನ ಹತ್ರ ಬೀಡಿ ಕಟ್ಟುವ ಒಬ್ರು ಅಮ್ಮ ಆರು ವರ್ಷ ಶುಗರ್, ಬಿಪಿ ನೋಡ್ಲಿಕ್ಕೆ ಬರ್ತಿದ್ರು. ಬಂದಾಗೆಲ್ಲ "ಎಂತದೋ ಸುಸ್ತು ಡಾಕ್ಟ್ರೇ" ಅಂತಿದ್ರು, ನಾನು ಐರನ್ ಮಾತ್ರೆ ಬರ್ದು ಕಳಿಸ್ತಿದ್ದೆ. ಒಂದು ದಿನ ಹೊಟ್ಟೆ ಉಬ್ಬಿ ಕಾಲು ಬಾತು ಬಂದ್ರು, ನೋಡಿದ್ರೆ ಸಿರೋಸಿಸ್, ಅಂದ್ರೆ ಲಿವರ್ ಗಟ್ಟಿಯಾಗಿ ಕೆಟ್ಟುಹೋಗಿತ್ತು, ಕಾರಣ ಹೆಪಟೈಟಿಸ್ ಸಿ. ವಿಚಾರಿಸಿದ್ರೆ 1994ರಲ್ಲಿ ಮೊದಲ ಹೆರಿಗೆಗೆ ಅವರಿಗೆ ಎರಡು ಬಾಟ್ಲಿ ರಕ್ತ ಹಾಕಿದ್ರಂತೆ, ಆಗ ಬ್ಲಡ್ ಬ್ಯಾಂಕಲ್ಲಿ ಸಿ ಟೆಸ್ಟ್ ಕಡ್ಡಾಯ ಇರ್ಲಿಲ್ಲ. ಆ ಆರು ವರ್ಷದಲ್ಲಿ ಎಷ್ಟು ಸಲ ಅವರ ರಕ್ತ ತೆಗೆದಿದ್ದೇವೆ, ಒಂದು ಸಲ ಆದ್ರೂ ಇದನ್ನು ನೋಡ್ಲಿಲ್ಲ. ಅವರ ಓಪಿ ಪುಸ್ತಕದ ಪುಟಪುಟದಲ್ಲೂ ನನ್ನದೇ ಅಕ್ಷರ ಉಂಟು.

ಈ ವೈರಸ್ ಪತ್ತೆ ಆದದ್ದೇ 1989ರಲ್ಲಿ. ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಲಿವರ್ ಹಾಳು ಮಾಡ್ತದೆ. ನಮ್ಮ ಊರಲ್ಲಿ ಲಿವರ್ ಕಾಯಿಲೆ ಅಂದ್ರೆ ಕಾಮಾಲೆ, ಕಣ್ಣು ಹಳದಿ ಆದ್ರೆ ನೆಲನೆಲ್ಲಿ ಅರೆದು ಕುಡಿಯುವುದು, ಹಳದಿ ಆಗದಿದ್ರೆ ಏನೂ ಇಲ್ಲ ಅಂತ ಲೆಕ್ಕ. ಆದ್ರೆ ಸಿ ಇರುವ ಹೆಚ್ಚಿನವರಿಗೆ ಕಣ್ಣು ಹಳದಿ ಆಗುವುದೇ ಇಲ್ಲ.

ಇದು ರಕ್ತದಿಂದ ಹರಡುವ ವೈರಸ್, ಇನ್ನು ಯಾರಿಗೆ ಟೆಸ್ಟ್ ಬೇಕು ಅಂತ ತಿಳೀಲಿಕ್ಕೆ ನಾವು ಕೇಳುವ ಪ್ರಶ್ನೆ. ಪಕ್ಕದ್ಮನೆಯವರು ಅದೇ ಬೆಂಚಲ್ಲಿ ಕೂತಿರುವಾಗ "ಡ್ರಗ್ಸ್ ಇಂಜೆಕ್ಷನ್ ತಗೊಂಡಿದ್ದೀರಾ" ಅಂತ ಕೇಳಿದ್ರೆ ಯಾರು ಹೌದು ಅಂತಾರೆ? ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2020ರಲ್ಲಿ ಹದಿನೆಂಟು ದಾಟಿದ ಎಲ್ಲರಿಗೂ ಜೀವನದಲ್ಲಿ ಒಂದು ಸಲ ಆದ್ರೂ ಈ ಟೆಸ್ಟ್ ಆಗ್ಬೇಕು ಅಂತ ಹೇಳಿದೆ. ನಮ್ಮಲ್ಲೂ ಅದೇ ದಾರಿ ಸರಿ ಅಂತ ನನ್ನ ಅಭಿಪ್ರಾಯ. ಕಿಟ್ ಕಡಿಮೆ ಇದ್ರೆ ಹಿಂದೆ ರಕ್ತ ಹಾಕ್ಸಿಕೊಂಡವರು, ಡಯಾಲಿಸಿಸ್‌ನವರು, ಹಚ್ಚೆ ಹಾಕಿಸಿದವರು, ಒಂದೇ ಸೂಜಿ ಕುದಿಸಿ ಕುದಿಸಿ ಚುಚ್ಚುತ್ತಿದ್ದ ಕಾಲದಲ್ಲಿ ಇಂಜೆಕ್ಷನ್ ತಗೊಂಡ ಹಿರಿಯರು, ಇವರಿಂದ ಶುರು ಮಾಡಿ.

ನಾವು ಮಾಡಿದ್ದು ಇಷ್ಟೇ, ಒಂದು ರಬ್ಬರ್ ಸ್ಟಾಂಪ್, "ಸಿ ಟೆಸ್ಟ್ ಆಗಿದೆ / ಇಲ್ಲ". ಬಿಪಿ ನೋಡುವಾಗಲೇ ಸಿಸ್ಟರ್ ಓಪಿ ಪುಸ್ತಕಕ್ಕೆ ಒತ್ತಿ ಟಿಕ್ ಹಾಕ್ತಾರೆ, ಇಲ್ಲ ಅಂತಾದ್ರೆ ಶುಗರಿಗೆ ರಕ್ತ ತೆಗೆಯುವಾಗಲೇ ಕಾರ್ಡ್ ಟೆಸ್ಟ್, ಅಂದ್ರೆ ಕಿಟ್ಟಿನ ಕಾರ್ಡಿಗೆ ರಕ್ತ ಹಾಕಿ ಅಲ್ಲೇ ನೋಡುವುದು. ಡಾಕ್ಟ್ರಿಗೆ ನೆನಪಾಗ್ಲಿ ಅಂತ ಕಾಯ್ಲಿಕ್ಕೆ ಇಲ್ಲ.

ನಿಜವಾಗಿ ಜನ ಕೈತಪ್ಪುವುದು ಕಾರ್ಡಲ್ಲಿ ಪಾಸಿಟಿವ್ ಬಂದ ಮೇಲೆ. ಕಾರ್ಡ್ ತೋರಿಸುವುದು ಆ್ಯಂಟಿಬಾಡಿ, ಅಂದ್ರೆ ವೈರಸ್ ವಿರುದ್ಧ ಮೈ ಮಾಡಿಕೊಂಡದ್ದು, ವೈರಸ್ ತಾನಾಗಿ ಹೋದವರಿಗೂ ಅದು ಪಾಸಿಟಿವ್ ಬರ್ತದೆ, ಹಾಗಾಗಿ ವೈರಸ್ ಈಗಲೂ ಉಂಟಾ ಅಂತ ನೋಡುವ ಆರ್‌ಎನ್‌ಎ ಟೆಸ್ಟ್ ಬೇಕೇ ಬೇಕು. ಅದಕ್ಕೆ "ನಾಳೆ ಜಿಲ್ಲಾ ಆಸ್ಪತ್ರೆಗೆ ಹೋಗಿ" ಅಂತ ಚೀಟಿ ಕೊಟ್ರೆ ಅವರಿಗೆ ಒಂದು ದಿನದ ಕೂಲಿ ಹೋಯ್ತು, ಎರಡು ಬಸ್ಸು, ಮನೆಯವರ ಪ್ರಶ್ನೆ ಬೇರೆ, ಅವರು ಹೋಗುವುದಿಲ್ಲ. ಅಲ್ಲೇ, ಅದೇ ಹೊತ್ತಿಗೆ ಇನ್ನೊಂದು ಟ್ಯೂಬ್ ತೆಗೆದು ನಾವೇ ಕಳಿಸ್ಬೇಕು, ಪೇಷಂಟ್ ಬದಲು ರಕ್ತ ಪ್ರಯಾಣ ಮಾಡ್ಲಿ.

ಆಶಾ ಅಕ್ಕಂದಿರೇ, ರಿಪೋರ್ಟ್ ವಿಷಯ ಅಂಗಳದಲ್ಲಿ ನಿಂತು ಹೇಳ್ಬೇಡಿ. ಒಟ್ಟಿಗೆ ಊಟ ಮಾಡಿದ್ರೆ, ಮುಟ್ಟಿದ್ರೆ ಇದು ಹರಡುವುದಿಲ್ಲ ಅಂತ ಮನೆಯವರಿಗೆ ತಿಳಿಸಿ ಹೇಳಿ. ಲಸಿಕೆ ಇಲ್ಲ, ಆದ್ರೆ ಮದ್ದು ಉಂಟು, 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಫ್ರೀಯಾಗಿ ಸಿಗ್ತದೆ. ಸಿರೋಸಿಸ್ ಆಗದವರಿಗೆ ಸೊಫೊಸ್ಬುವಿರ್, ಡಕ್ಲಾಟಸ್ವಿರ್ ಮಾತ್ರೆ 12 ವಾರ, ನೂರರಲ್ಲಿ ತೊಂಬತ್ತೈದರಷ್ಟು ಜನ ಪೂರ್ತಿ ಗುಣ ಆಗ್ತಾರೆ.

ಆ ಅಮ್ಮನಿಗೂ ವೈರಸ್ ಹೋಯ್ತು, ಆದ್ರೆ ಲಿವರ್ ಮೊದಲಿನ ಹಾಗೆ ಆಗ್ಲಿಲ್ಲ. ಈಗ ಆರು ತಿಂಗಳಿಗೊಮ್ಮೆ ಕ್ಯಾನ್ಸರ್ ಉಂಟಾ ಅಂತ ಸ್ಕ್ಯಾನಿಂಗಿಗೆ ಹೋಗ್ತಾರೆ, ಚಿಕ್ಕ ಮಗಳು ಜೊತೆಗೆ ಬರ್ತಾಳೆ. ಅವಳು ಹುಟ್ಟಿದ್ದು ಆ ರಕ್ತ ಹಾಕಿಸಿದ ಮೇಲೆ, ತಾಯಿಯಿಂದ ಬಂದಿರ್ಬಹುದಲ್ಲ, ಅವಳಿಗೂ ಟೆಸ್ಟ್ ಮಾಡಿಸಿದೆವು. ನೆಗೆಟಿವ್ ಬಂತು.